ಕೊಂಬು ಹಿಡಿಸದ ಬಾಗಿಲು

"ಅದ್ರಲ್ಲಿ ನನ್ನ ತಪ್ಪೇನೂ ಇಲ್ಲ ಬಿಡಿ ಮೇಷ್ಟ್ರೇ," ಅಂದ ಈರೇಶ.

ಮೇಷ್ಟ್ರು ಏನೂ ಕೇಳಿರ್ಲಿಲ್ಲ. ಕಣ್ಣಿನ ಆಸ್ಪತ್ರೆಗೆ ಕನ್ನಡಕದ ಪವರ್ ನೋಡಿಸೋಕೆ ಬಂದೋರು, ಹಳೇ ಶಿಷ್ಯ ಇಲ್ಲೇ ಕಂಪ್ಯೂಟರ್ ಕೆಲಸ ನೋಡ್ಕೊಳ್ತಾನೆ ಅಂತ ಅವನ ರೂಮಿಗೆ ಬಂದು ಕೂತಿದ್ರು. ಕಿಟಕಿಯಾಚೆ ಬೆಂಚಿನ ಮೇಲಿದ್ದ ತಿಪ್ಪಮ್ಮಜ್ಜೀನ ಒಂದ್ಸಲ, ಇವನ್ನ ಒಂದ್ಸಲ ನೋಡಿದ್ರು. ಅಷ್ಟೇ.

ಈರೇಶಂಗೆ ಅಷ್ಟೇ ಸಾಕಾಯ್ತು. ಹೋದ ಸಲದ ಕಣ್ಣಿನ ಕ್ಯಾಂಪಿಗೂ ಅಜ್ಜಿ ಆಪರೇಷನ್ನಿಗೆ ಹೆಸರು ಬರೆಸೋಕೆ ಬಂದಿದ್ಲು. ಅವಳ ಹತ್ರ ಫೋನಿಲ್ಲ. ನಂಬರ್ ಹಾಕ್ದೆ ಕಂಪ್ಯೂಟರ್ ಮುಂದಕ್ಕೇ ಹೋಗ್ಲಿಲ್ಲ. ಯಾರ್ದಾದ್ರೂ ನಂಬರ್ ಇಸ್ಕೊಂಡು ಬಾ ಅಂತ ಕೌಂಟರಿನೋರು ಕಳಿಸಿದ್ರು. ಹೋದೋಳು ವಾಪಸ್ ಬರ್ಲಿಲ್ಲ. ಈಗ ಬಲಗಣ್ಣು ಹೋಗಿದೆ, ಡಾಕ್ಟ್ರು ಕೈಚೆಲ್ಲಿದಾರೆ. ಎಡಗಣ್ಣಾದ್ರೂ ಉಳೀಲಿ ಅಂತ ಬಂದಿದಾಳೆ. ಇವತ್ತೂ ನಂಬರಿಲ್ಲ.

"ಫೋನ್ ನಂಬರಿಗೆ ಅಂತ ನಾನೇ ಒಂದು ಟೈಪ್, ಅಂದ್ರೆ ಒಂದು ಅಚ್ಚು, ಮಾಡಿ ಅದಕ್ಕೆ ಹೆಸರಿಟ್ಟೆ. ಹತ್ತಂಕಿ, ಖಾಲಿ ಬಿಡಂಗಿಲ್ಲ. ಪೇಷಂಟು, ನರ್ಸು, ಆಂಬುಲೆನ್ಸ್ ಡ್ರೈವರು, ಕಂಪ್ಯೂಟರಲ್ಲಿ ಯಾರ ಪಟ್ಟಿಯ ಟೇಬಲ್ ತೆಗೀರಿ, ಅದೇ ಅಚ್ಚು. ಮುಂಚೆ ಒಂದು ಕಡೆ ಎಂಟಂಕಿ, ಇನ್ನೊಂದು ಕಡೆ ಹದಿನೈದು, ಸಂತೆ ಆಗಿತ್ತು. ಈಗ ಆ ಟೈಪನ್ನೇ ತಿದ್ದೋಣ ಅಂದ್ರೆ, ಬಳಕೇಲಿರೋವರೆಗೂ ಕಂಪ್ಯೂಟರ್ ಅದನ್ನ ಮುಟ್ಟೋಕೆ ಬಿಡಲ್ಲ. ಮೊದ್ಲು ಎಲ್ಲಾ ಟೇಬಲ್ಲಿಂದ್ಲೂ ಬಿಡಿಸ್ಬೇಕು."

"ಪೇಷಂಟ್ ಟೇಬಲ್ ಒಂದರಿಂದ ಬಿಡಿಸಪ್ಪ."

"ಅಯ್ಯೋ, ಆಮೇಲೆ ಒಂದೇ ಥರ ಎಲ್ಲಿರುತ್ತೆ? ಅದಕ್ಕೇ ಅಲ್ವಾ ಹೆಸರಿಟ್ಟಿದ್ದು? ಹಾಗಾದ್ರೆ ಹೆಸರಿಡೋದೇ ತಪ್ಪಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸ್ಕೊಂಡು ಹೇಳಿದ್ರು:

"ಒಂದೂರಲ್ಲಿ ಒಬ್ಬ ಬಡಗಿ. ಬಾಗಿಲಿನ ಅಳತೆಗೆ ಅಂತ ಒಂದು ಕೋಲು ಕಡಿದು, ಅದಕ್ಕೆ ಮನೆಗೋಲು ಅಂತ ಹೆಸರಿಟ್ಟ. ಅವತ್ತಿಂದ ಆ ಊರಲ್ಲಿ ಯಾರೂ ಅಡಿ, ಗೇಣು ಅಂತ ತಲೆ ಕೆಡಿಸ್ಕೊಳ್ಳಲಿಲ್ಲ. ಈ ಮನೆ ಕದ ಮುರಿದ್ರೆ ಆ ಮನೆ ಕದ ತಂದು ಕೂರಿಸ್ಬಹುದಾಗಿತ್ತು. ಹೊಸಬ ಕೆತ್ತಿದ್ರೂ ಅಳತೆ ತಪ್ತಿರ್ಲಿಲ್ಲ. ಚೆನ್ನಾಗೇ ಇತ್ತು. ಬರ್ತಾ ಬರ್ತಾ ಅದು ಎಷ್ಟು ಗೇಣು ಅನ್ನೋದೇ ಮರೆತುಹೋಯ್ತು. ಪಕ್ಕದೂರಿನ ಬಡಗಿ ಬಂದು ಕೇಳಿದ್ರೆ ತಲೆ ಕೆರ್ಕೊಳ್ಳೋರು.

ಆ ಊರಿಗೆಲ್ಲ ಹಾಲು ಹಾಕೋಳು ಒಬ್ಳೇ ಹೆಂಗಸು. ಅವಳ ಎಮ್ಮೆಗೆ ಕೊಂಬು ಅಗಲ. ಚಿರತೆ ಕಾಟ ಶುರುವಾದ್ಮೇಲೆ ಎಮ್ಮೇನ ಮನೆಯೊಳಗೆ ಕಟ್ಟೋಣ ಅಂದ್ರೆ ಬಾಗಿಲಲ್ಲಿ ಕೊಂಬು ಹಿಡಿಸ್ಲಿಲ್ಲ. ಬಡಗಿ ಹತ್ರ ಹೋಗಿ, 'ಅಣ್ಣಾ, ಬಾಗಿಲು ಒಂದು ಗೇಣು ಅಗಲ ಮಾಡ್ಕೊಡು' ಅಂದ್ಲು.

'ಕೋಲಿನ ಅಳತೆ ಬದಲಾದ್ರೆ ಊರಿನ ಬಾಗಿಲೆಲ್ಲ ಕೀಳ್ಬೇಕಲ್ಲ ತಾಯಿ.'

'ಊರಿನ ಮಾತ್ಯಾಕೆ? ನಮ್ಮನೇದೊಂದು.'

'ಅದೊಂದೇ ಎದ್ದು ಕಾಣುತ್ತೆ. ಕೊಂಬು ಕೊಯ್ಸು.'

ಬಡಗಿ ಕೆಟ್ಟೋನಲ್ಲ. ಕೈಯಲ್ಲಿ ಉಳಿ ಇತ್ತು, ಒಂದು ಮಧ್ಯಾಹ್ನದ ಕೆಲಸ. ಮಾಡ್ಲಿಲ್ಲ. ಆ ಹೆಂಗಸು ಎಮ್ಮೆ ಹಗ್ಗ ಹಿಡ್ಕೊಂಡು ಊರೇ ಬಿಟ್ಟು ಹೋದ್ಲು."

ಮೇಷ್ಟ್ರು ಕನ್ನಡಕ ಹಾಕ್ಕೊಂಡ್ರು. ಈರೇಶಂಗೆ ತಡೀಲಿಲ್ಲ.

"ಆಮೇಲೆ?"

"ಆ ಊರಲ್ಲಿ ಈಗ್ಲೂ ಬಾಗಿಲೆಲ್ಲ ಒಂದೇ ಅಳತೆ ಕಣಯ್ಯ, ಕೂಸುಗಳಿಗೆ ಹಾಲಿಲ್ಲ, ಅಷ್ಟೇ."

ಈರೇಶ ಕೀಬೋರ್ಡ್ ಹತ್ರ ಎಳ್ಕೊಂಡ. ಪೇಷಂಟ್ ಟೇಬಲ್ಲಲ್ಲಿ ಫೋನ್ ನಂಬರಿನ ಆ ಒಂದು ಕಾಲಮ್ಮಿಂದ ತಾನು ಹೆಸರಿಟ್ಟ ಟೈಪ್ ತೆಗೆದು, ಖಾಲಿ ಬಿಟ್ರೂ ನಡೆಯೋ ಹಾಗೆ ಮಾಡಿದ. ಅರ್ಧ ನಿಮಿಷದ ಕೆಲಸ. ಹೋದ ಕ್ಯಾಂಪಿನಲ್ಲೂ ಅದು ಅರ್ಧ ನಿಮಿಷದ್ದೇ ಆಗಿತ್ತು.

ಎದ್ದ. ಮೇಷ್ಟ್ರ ಮುಖ ನೋಡ್ದೆ ಬೆಂಚಿನ ಕಡೆ ಹೊರಟು, ಹಿಂದೆ ಬಾಗಿಲು ಎಳ್ಕೊಂಡ.