ಮುಗಿಲವ್ವನ ಆವಿಗೆ

ಲೋಕ ಆಗ ತಾನೇ ಕುಂಬಾರನ ತಿಗರಿಯಿಂದ ಇಳಿದ ಹಾಗಿತ್ತು. ಎಲ್ಲಿ ಮುಟ್ಟಿದರೂ ಹಸಿ, ಎಲ್ಲಿ ಮೂಸಿದರೂ ಒದ್ದೆ ಮಣ್ಣಿನ ವಾಸನೆ. ಬೆಟ್ಟಗಳು ಇನ್ನೂ ಮೆತ್ತಗಿದ್ದವು. ಆಕಾಶದಲ್ಲಿ ಒಂದೇ ಒಂದು ಚುಕ್ಕಿಯೂ ಇರಲಿಲ್ಲ.

ಮಣ್ಣು ಕಲಸಿದ ಕೈ ತೊಳೆಯಬೇಡ ಮಾದೇವಿ, ತಾಳು. ಹುಣಸೆಮರದ ಮೇಲೆ ಗೊಂಚಲಾಗಿ ಮೂಡುವ ಕೃತ್ತಿಕೆ ಚುಕ್ಕಿಗಳು ಯಾಕೆ ಹಾಗೆ ಒತ್ತೊತ್ತಾಗಿ ಕೂತಿವೆ ಎಂದು ಕೇಳಿದೆಯಲ್ಲ, ಅದನ್ನೇ ಹೇಳುತ್ತಿದ್ದೇನೆ. ಬೇರೆಯವರು ಬೇರೆ ಕಥೆ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡು, ಅವರು ಮಡಕೆ ಸುಟ್ಟವರಲ್ಲ.

ಆ ಕತ್ತಲೆಯಲ್ಲಿ ಒಂದು ಹೊಳೆ ಹುಟ್ಟಿತು. ಪಾಪ, ಅದಕ್ಕೆ ಸಮುದ್ರದ ದಾರಿ ಗೊತ್ತಿಲ್ಲ. ಆ ಬೆಟ್ಟಕ್ಕೆ ಡಿಕ್ಕಿ, ಈ ಬಂಡೆಗೆ ಡಿಕ್ಕಿ. ಕೊನೆಗೆ ಒಂದು ಹಳ್ಳಕ್ಕೆ ಬಿದ್ದು, ಅಲ್ಲೇ ಸುತ್ತಿ ಸುತ್ತಿ ಇಂಗತೊಡಗಿತು.

"ಮೇಲೆ ಯಾರಾರೂ ಇದ್ದೀರಾ? ಒಸಿ ಬೆಳಕು ತೋರುಸ್ರವ್ವಾ! ಇಲ್ಲೇ ಇಂಗೋಯ್ತೀನಿ!" ಎಂದು ಕೂಗಿತು.

ಮೇಲೆ ಇದ್ದವಳು ಮುಗಿಲವ್ವ. ಮಂಜು, ದೂಳು ತುಂಬಿಕೊಂಡ ದೊಡ್ಡ ಮುಗಿಲು ಅವಳು. ಕಸುಬಿನಲ್ಲಿ ನಮ್ಮ ಹಾಗೆಯೇ ಕುಂಬಾರತಿ.

"ತಡಿ ಕಣವ್ವ ಹೊಳೆಯಮ್ಮ, ಬೆಳಕು ಮಾಡ್ಕೊಡ್ತೀನಿ" ಎಂದು ಮುಗಿಲವ್ವ ತನ್ನ ಒಡಲ ದೂಳನ್ನೇ ಕಲಸಿ ಮಿದ್ದಳು.

ಹೊಸ ಮಣ್ಣು ಕಂಡರೆ ನಮ್ಮವರ ಕೈಗೆ ಹಿಡಿತವೇ ಇರುವುದಿಲ್ಲ. ಮೊದಮೊದಲ ಮುದ್ದೆಗಳೆಲ್ಲ ದೊಡ್ಡವು. ಮಣ್ಣು ಕಮ್ಮಿಯಾಗುತ್ತಾ ಬಂದಾಗ ಬುದ್ಧಿ ಬರುತ್ತದೆ. ನಿಮ್ಮಜ್ಜನದೂ ಅದೇ ಚಾಳಿ. ಮುಗಿಲವ್ವನದೂ ಅದೇ ಆಯಿತು. ಮೊದಲು ಗುಡಾಣದಂಥ ನಾಲ್ಕಾರು ಹೆಣ್ಣುಮಕ್ಕಳನ್ನು ಮಾಡಿದಳು. ಉಳಿದ ಮಣ್ಣಿನಲ್ಲಿ ಮಡಕೆಯಷ್ಟು, ಹಣತೆಯಷ್ಟು ಪುಟ್ಟವರನ್ನು ರಾಶಿ ರಾಶಿ ಮಾಡಿದಳು. ಕಟ್ಟಕಡೆಗೆ ಬೆರಳಿಗೆ ಅಂಟಿದ್ದನ್ನು ಬಳಿದು ಒಬ್ಬಳನ್ನು ಮಾಡಿ, ಕುಡಿಕೆ ಎಂದು ಕರೆದಳು.

ಎಲ್ಲರನ್ನೂ ಮಡಕೆ ಸುಡುವ ಆವಿಗೆಯಲ್ಲಿ ಜೋಡಿಸಿದಳು. ದೊಡ್ಡವರು ನಡುವೆ, ಚಿಕ್ಕವರು ಸುತ್ತ, ಸಂದಿಯಲ್ಲೆಲ್ಲಾ ಪುಟಾಣಿಗಳು. ನಾವಾದರೆ ಆವಿಗೆಯ ಮೇಲೆ ಹುಲ್ಲು ಹೊದಿಸಿ ಮಣ್ಣು ಮೆತ್ತುತ್ತೇವೆ. ಆಕಾಶದಲ್ಲಿ ಹುಲ್ಲೆಲ್ಲಿ? ಮುಗಿಲವ್ವ ತಾನೇ ಮಕ್ಕಳ ಮೇಲೆ ಹೊದಿಕೆಯಾಗಿ ಮಲಗಿಕೊಂಡಳು. ಕಿಚ್ಚು ಹತ್ತಿತು.

ಮೊದಲು ಕಾದವಳು ಎಲ್ಲರಿಗಿಂತ ದೊಡ್ಡವಳಾದ ಹಿರಿಯಕ್ಕ. ಕೆಂಪಾದಳು, ಹಳದಿಯಾದಳು, ಬೆಳ್ಳಗಾದಳು. ಬಿಳುಪೂ ಸಾಲದೆ ನೀಲಿಯಾದಳು. ಅವಳ ಬೆನ್ನಿಗೇ ಉಳಿದ ದೊಡ್ಡವರೂ ನೀಲಿಗೆ ತಿರುಗಿದರು. ಪುಟ್ಟವರು ಮಾತ್ರ ಇನ್ನೂ ತಣ್ಣಗೆ, ಹಸಿಹಸಿಯಾಗಿದ್ದರು.

ಮುಗಿಲವ್ವ ಒಬ್ಬೊಬ್ಬರನ್ನೇ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಮಡಕೆ ಬೆಂದಿದೆಯೋ ಇಲ್ಲವೋ ಎಂದು ನಾನು ತಟ್ಟುತ್ತೇನಲ್ಲ, ಹಾಗೆಯೇ. ದೊಡ್ಡವರನ್ನು ತಟ್ಟಿದರೆ ಠಣ್ ಎಂದಿತು. ಪುಟ್ಟವರನ್ನು ತಟ್ಟಿದರೆ ದಬ್ ಎಂದಿತು. ದಬ್, ದಬ್, ದಬ್.

ಅಷ್ಟರಲ್ಲಿ ಗಾಳಿ ಬಂದ. ಅವನಿಗೆ ಯಾವತ್ತೂ ಅವಸರವೇ.

"ದೊಡ್ಡೋರು ಬೆಂದವ್ರಲ್ಲ ಮುಗಿಲವ್ವ, ತೆಗಿ ಹೊದಿಕೆನಾ! ಹೊಳೆಯಮ್ಮ ಅಲ್ಲಿ ಇಂಗೋಯ್ತಾವ್ಳೆ. ನಾನೇ ಎಳೆದು ಬಿಸಾಕ್ಲಾ?"

"ಮುಟ್ಟಿದ್ರೆ ನೋಡು! ಈಗ ತೆಗೆದ್ರೆ ನನ್ನ ಪುಟಾಣಿಗಳು ಸೀಳೋಯ್ತವೆ ಕಣೋ."

ತೆಗೆದರೆ ಪುಟ್ಟವರಿಲ್ಲ, ತೆಗೆಯದಿದ್ದರೆ ಹೊಳೆಯಿಲ್ಲ. ಮುಗಿಲವ್ವನಿಗೆ ಕಣ್ಣು ತುಂಬಿ ಬಂತು. ಹೆತ್ತ ಕೈಗೆ ಯಾವ ಬೆರಳನ್ನು ಕೊಡುತ್ತೀಯ ಎಂದರೆ ಏನು ಮಾಡೀತು, ಹೇಳು?

ಆಗ ಹಿರಿಯಕ್ಕ ಮಾತಾಡಿದಳು.

"ಅವ್ವಾ, ನಾನು ಇನ್ನೂ ಜೋರಾಗಿ ಉರೀತೀನಿ. ನನ್ನ ಕಾವಲ್ಲಿ ಇವ್ರೂ ಬೇಯ್ಲಿ."

"ಬ್ಯಾಡ ಕಣೆ! ಅಂಗೆ ಉರುದ್ರೆ ನೀನು ಬೇಗ ಮುಗುದೋಯ್ತೀಯ. ಈ ಮಕ್ಳು ನಿಧಾನಕ್ಕೆ ಉರ್ಕಂಡು ಬಾಳಾ ಕಾಲ ಇರ್ತವೆ. ನೀನೊಬ್ಳು ಯಾಕವ್ವಾ?"

"ನಂಗೆ ಎಲ್ರಿಗಿಂತ ಜಾಸ್ತಿ ಮಣ್ಣು ಮೆತ್ತಿದ್ದು ಯಾರು? ನೀನೇ ತಾನೇ?" ಎಂದು ಹಿರಿಯಕ್ಕ ನಕ್ಕಳು. "ಇಟ್ಕೊಂಡು ಏನ್ ಮಾಡ್ಲಿ ಅದ್ನ?"

ಹಾಗೆಂದವಳೇ ಉರಿದಳು. ಅದೆಂಥಾ ಉರಿ! ಅವಳನ್ನು ನೋಡಿ ಉಳಿದ ದೊಡ್ಡವರೂ ಕೈಲಾದಷ್ಟು ಉರಿದರು. ಪಕ್ಕದ ಪುಟ್ಟವಳು ಠಣ್ ಎಂದಳು. ಅವಳ ಪಕ್ಕದವಳೂ ಠಣ್ ಎಂದಳು. ಸಂದಿಯಿಂದ ಸಂದಿಗೆ ಕಾವು ಹರಿಯಿತು. ಎಲ್ಲರೂ ಬೆಂದರು, ಕುಡಿಕೆ ಮಾತ್ರ ದಬ್ ಎನ್ನುತ್ತಲೇ ಇದ್ದಳು.

"ಅಕ್ಕಾ, ನನ್ನ ಬುಟ್ಬುಡಕ್ಕಾ" ಎಂದಳು ಕುಡಿಕೆ. "ಹೊಳೆಯಮ್ಮನ ದನಿ ಕೇಳುಸ್ತಾನೇ ಇಲ್ಲ."

ನಿಜ, ಕೆಳಗಿನಿಂದ ಕೂಗು ನಿಂತೇ ಹೋಗಿತ್ತು. ಹಳ್ಳದಲ್ಲಿ ಒಂದು ಬೊಗಸೆ ನೀರು ಉಳಿದಿತ್ತು, ಅಷ್ಟೇ.

"ಬಾಯ್ಮುಚ್ಕೊಂಡು ಹತ್ರ ಬಾ" ಎಂದು ಗದರಿ, ಹಿರಿಯಕ್ಕ ಕುಡಿಕೆಯನ್ನು ಮಡಿಲಿಗೆ ಎಳೆದುಕೊಂಡಳು.

ಮುಗಿಲವ್ವ ಉಸಿರು ಬಿಗಿಹಿಡಿದು ತಟ್ಟಿದಳು. ಠಣ್! ಪುಟ್ಟ ದನಿ, ಆದರೆ ಚೊಕ್ಕವಾದ ದನಿ.

"ಈಗ ಊದ್ರವ್ವಾ!" ಎಂದು ಮುಗಿಲವ್ವ ತಾನೇ ಕೂಗಿದಳು.

"ನಿನ್ನ ಹೆಂಗವ್ವಾ ಊದಾದು? ಚೆದ್ರೋಯ್ತೀಯಲ್ಲ!" ಎಂದು ಮಕ್ಕಳೆಲ್ಲ ಹಿಂಜರಿದರು.

"ಆವಿಗೆ ಹೊದಿಕೆ ಇರಾದೇ ತೆಗೆಯಾಕೆ. ಊದ್ರೇ!"

ದೊಡ್ಡವರೆಲ್ಲ ಒಟ್ಟಿಗೆ ಉಫ್ ಎಂದು ಊದಿದರು. ಗಾಳಿಯೂ ಕೈಜೋಡಿಸಿದ, ಅವನಿಗಂತೂ ಹಬ್ಬ. ಮುಗಿಲವ್ವ ಎಳೆ ಎಳೆಯಾಗಿ ಆಕಾಶದ ತುಂಬ ಹರಡಿಕೊಂಡಳು. ನೋವಾಯಿತೇ ಎಂದು ಕೇಳಬೇಡ. ದಿನವಿಡೀ ಕಂಕುಳಲ್ಲಿದ್ದ ಮಗುವನ್ನು ನೆಲಕ್ಕೆ ಬಿಟ್ಟಾಗ ಹೇಗಿರುತ್ತದೋ ಹಾಗಿತ್ತಂತೆ ಅವಳಿಗೆ. ಸೊಂಟ ಹಗುರವಾಯಿತು, ಕಣ್ಣು ಮಾತ್ರ ಮಗುವಿನ ಮೇಲೇ ಇತ್ತು.

ನೀಲಿ ಬೆಳಕು ದಡದಡನೆ ಕೆಳಗಿಳಿದು ಹಳ್ಳಕ್ಕೆ ಬಿತ್ತು. ಬೊಗಸೆ ನೀರು ಕಣ್ಣು ಬಿಟ್ಟು ನೋಡಿದರೆ, ಎರಡು ಬಂಡೆಗಳ ನಡುವೆ ಸಲೀಸಾದ ಇಳಿಜಾರು! ಅಷ್ಟು ಹೊತ್ತು ಪಕ್ಕದಲ್ಲೇ ಇತ್ತು ದಾರಿ. ಹೊಳೆ ನಾಚಿಕೊಂಡು, ನಕ್ಕು, ಆ ಸಂದಿಯಲ್ಲಿ ನುಸುಳಿತು. ದಾರಿಯಲ್ಲಿ ತೊರೆಗಳು ಬಂದು ಕೂಡಿಕೊಂಡವು. ಸಮುದ್ರ ಮುಟ್ಟಿದ ದಿನ ಅದು ಹಾಕಿದ ಕೇಕೆ ಕೃತ್ತಿಕೆಯವರೆಗೂ ಕೇಳಿಸಿತಂತೆ.

ಹಿರಿಯಕ್ಕ ಆ ಕೇಕೆ ಕೇಳಿಸಿಕೊಂಡಳು. ಕೇಳಿಸಿಕೊಂಡ ಮೇಲೆ ಭಗ್ ಎಂದು ಒಮ್ಮೆ ಹೊತ್ತಿ ಬೆಳಗಿ, ಬೂದಿಯಾದಳು. ಕುಡಿಕೆ ಅತ್ತಳು. ಅಳದೆ ಇರಲು ಆಗುತ್ತದೆಯೇ?

ಮುಗಿಲವ್ವ ತನ್ನ ಎಳೆಗಳಿಂದ ಆ ಬೂದಿಯನ್ನು ಮೆಲ್ಲಗೆ ಬಳಿದುಕೊಂಡಳು. ಅಲ್ಲಿಯವರೆಗೆ ಲೋಕದಲ್ಲಿ ಏನೂ ಉರಿದಿರಲಿಲ್ಲ, ಹಾಗಾಗಿ ಬೂದಿ ಎಂಬುದೇ ಇರಲಿಲ್ಲ. ಅದನ್ನು ಒಂದು ಹಿಡಿ ಹಸಿ ದೂಳಿಗೆ ಬೆರೆಸಿ ಮಿದ್ದು ನೋಡಿದಳು. ಬಿಸಿಗಿಟ್ಟರೂ ಆ ಮಣ್ಣು ಸೀಳಲಿಲ್ಲ!

"ನೋಡೇ ಕುಡಿಕೆ, ನಿಮ್ಮಕ್ಕ ಎಲ್ಲಿಗೂ ಹೋಗಿಲ್ಲ. ಮಣ್ಣಿಗೆ ಕಸುವಾಗಿ ಬಂದವ್ಳೆ" ಎಂದಳು.

ಕುಡಿಕೆ ಮೂಗು ಒರೆಸಿಕೊಂಡು ಹೊಳೆಯತೊಡಗಿದಳು. ಉಳಿದ ಬೂದಿಯನ್ನು ಮುಗಿಲವ್ವ ಕೆಳಗೆ ಉದುರಿಸಿದಳು. ಅದು ಬೆಟ್ಟಕ್ಕೆ, ಹೊಲಕ್ಕೆ, ನಮ್ಮ ಕೆರೆಯಂಗಳಕ್ಕೂ ಬಿತ್ತು.

ಅದಕ್ಕೇ ಮಾದೇವಿ, ಕೃತ್ತಿಕೆಯ ಚುಕ್ಕಿಗಳು ಇಂದಿಗೂ ಆವಿಗೆಯಲ್ಲಿ ಜೋಡಿಸಿದಂತೆಯೇ ಒತ್ತೊತ್ತಾಗಿವೆ. ದೊಡ್ಡವರು ನೀಲಿಯಾಗಿ ನಡುವೆ ಇದ್ದಾರೆ, ಕಣ್ಣಿಗೆ ಸಿಕ್ಕದಷ್ಟು ಪುಟ್ಟವರು ಸುತ್ತ ಇದ್ದಾರೆ, ಮೇಲೆ ತೆಳ್ಳಗೆ ಹೊಗೆಯ ಹಾಗೆ ಮುಗಿಲವ್ವ ಇದ್ದಾಳೆ. ಮಣ್ಣು ಕಲಸುವಾಗ ನಾನು ಒಂದು ಹಿಡಿ ಬೂದಿ ಹಾಕುವುದೂ ಅದಕ್ಕೇ. ಹಿರಿಯಕ್ಕನನ್ನು ಮಾತ್ರ ಅಲ್ಲಿ ಹುಡುಕಬೇಡ ಮಗಾ, ಅವಳು ಈಗ ನಿನ್ನ ಕೈಗೆ ಅಂಟಿಕೊಂಡಿದ್ದಾಳೆ.