ಒಣಕಡ್ಡಿಯ ತಿಂಗಳುಗಳು

“ಮೇಷ್ಟ್ರೇ, ಜೀವಶಾಸ್ತ್ರದ ಎಂ.ಎಸ್ಸಿ. ಬೇಗ ಮುಗಿಯುವಂಥದ್ದು ಎಲ್ಲಿದೆ?” ಎಂದು ನೀಲಾಂಬಿಕೆ ಕೇಳಿದಳು.

ಉಳವಯ್ಯ ಮೇಷ್ಟ್ರು ಕಾಲೇಜಿನಲ್ಲಿ ಅವಳಿಗೆ ಸಸ್ಯಶಾಸ್ತ್ರ ಕಲಿಸಿದವರು, ಈಗ ನಿವೃತ್ತರು. ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಎರಡು ವರ್ಷ ಬಿಡುವು ಸಿಗುವುದಿಲ್ಲ, ಒಂದೇ ವರ್ಷದ್ದು ಎಲ್ಲೋ ಇದೆಯಂತೆ, ಕಾಡುಮೇಡು ಸುತ್ತುವ ಕೆಲಸ ಇಲ್ಲದಿದ್ದರೆ ಇನ್ನೂ ಅನುಕೂಲ ಎಂದಳು. ಎಂ.ಎಸ್ಸಿ.ಗೂ ತಡೆರಹಿತ ಬಸ್ಸು ಹುಡುಕುತ್ತಿದ್ದೀಯಲ್ಲ ಎಂದು ಮೇಷ್ಟ್ರು ನಕ್ಕರು. ಹಳೆಯ ಪತ್ರಿಕೆಗಳ ನಡುವೆ ಗಿಡ ಒತ್ತಿಟ್ಟು ಒಣಗಿಸುತ್ತಿದ್ದ ತಮ್ಮ ಎರಡು ವರ್ಷ ಅವರಿಗೆ ನೆನಪಾಯಿತು. ಅಷ್ಟು ಒಳ್ಳೆಯ ದಿನಗಳು ಮತ್ತೆ ಬರಲಿಲ್ಲ ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ಪಂಡಿತರಿದ್ದರು. ಗಿಡಮೂಲಿಕೆ ಬಲ್ಲವರು. ಕಲಿಯಲು ಬಂದವರು ಹನ್ನೆರಡು ತಿಂಗಳು ಅವರ ಜೊತೆ ದಿನವೂ ಅದೇ ಗುಡ್ಡ ಹತ್ತಿ ಇಳಿಯಬೇಕು. ಒಂದು ಗಿಡವನ್ನು ಮೊಳಕೆಯಿಂದ ಒಣಗುವ ತನಕ ನೋಡಿದ ಮೇಲೆಯೇ ಅದಕ್ಕೆ ಕೈ ಹಚ್ಚಬೇಕು. ಇದು ಅವರ ಪದ್ಧತಿ.

ಒಬ್ಬ ಯುವಕ ಬಂದ. ಬಲು ಚುರುಕು. ಮಳೆ ಹಿಡಿದಾಗ ಬಂದವನು ನಾಲ್ಕು ತಿಂಗಳಲ್ಲಿ ಇನ್ನೂರು ಗಿಡ ಕಲಿತ. ಹೂವಿನ ಬಣ್ಣ ನೋಡಿದರೆ ಸಾಕು, ಹೆಸರು ಹೇಳುತ್ತಿದ್ದ. ದೀಪಾವಳಿ ಹೊತ್ತಿಗೆ ಗುಡ್ಡ ಒಣಗತೊಡಗಿತು. ಇನ್ನು ಬರೀ ಕಡ್ಡಿ ನೋಡುತ್ತ ಅಲೆಯುವುದೇಕೆ, ನನ್ನನ್ನು ಕಳಿಸಿಕೊಡಿ ಎಂದು ಕೇಳಿದ. ಪಂಡಿತರಿಗೆ ಅವನ ಮೇಲೆ ಪ್ರೀತಿ. ಬೇಡ ಎನ್ನಲು ಬಾಯಿ ಬರಲಿಲ್ಲ. ಊರ ಗಡಿಯವರೆಗೆ ಬಂದು ಬೀಳ್ಕೊಟ್ಟರು.

ಫಾಲ್ಗುಣದಲ್ಲಿ ಪಂಡಿತರು ಹಾಸಿಗೆ ಹಿಡಿದರು. ಉಸಿರಾಟ ಕಷ್ಟವಾಯಿತು. ಅವನನ್ನೇ ಕರೆಸಿದರು. ಮನೆಯ ಹಿಂದಿನ ಇಳಿಜಾರಿನಲ್ಲಿ ನೀಲಿ ಹೂ ಬಿಡುತ್ತದಲ್ಲ, ಅದರ ಬೇರು ತಾ ಎಂದರು. ಯುವಕ ಓಡಿದ. ಆ ಹೂವನ್ನು ಶ್ರಾವಣದಲ್ಲಿ ಎಷ್ಟೋ ಸಲ ನೋಡಿದ್ದ. ಈಗ ಇಳಿಜಾರಿನಲ್ಲಿ ಒಂದೂ ಹೂವಿಲ್ಲ. ಮೊಣಕಾಲೆತ್ತರದ ಕಂದು ಕಡ್ಡಿಗಳು, ಎಲ್ಲವೂ ಒಂದೇ ತರಹ. ಅವನಿಗೆ ಹೆದರಿಕೆಯಾಯಿತು. ಬಿಸಿಲು ಇಳಿಯುವ ತನಕ ಅಗೆದ, ಸಿಕ್ಕಿದ್ದನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಬಂದ.

ಪಂಡಿತರು ಒಂದೊಂದೇ ಬೇರನ್ನು ಮೂಸಿ ಪಕ್ಕಕ್ಕಿಟ್ಟರು. ಕೊನೆಯದನ್ನೂ ಇಟ್ಟರು. ಯುವಕನ ಕಣ್ಣಲ್ಲಿ ನೀರು.

“ಅಳಬ್ಯಾಡಪ್ಪಾ. ಹೂವಷ್ಟೇ ತೋರಿಸಿ ಕಳಿಸಿದವ ನಾನು” ಎಂದರು ಪಂಡಿತರು.

ಮೂರನೆಯ ದಿನ ತೀರಿಕೊಂಡರು. ಯುವಕ ಆ ಮನೆ ಬಿಟ್ಟು ಹೋಗಲಿಲ್ಲ. ದಿನವೂ ಒಬ್ಬನೇ ಗುಡ್ಡ ಹತ್ತಿದ. ಮುಂದಿನ ಮಳೆಗೆ, ಅವನು ಅಗೆದಿದ್ದ ಗುಂಡಿಯಿಂದ ಗೇಣು ದೂರದಲ್ಲಿ ಆ ಗಿಡ ಚಿಗುರಿತು, ನೀಲಿ ಹೂ ಬಿಟ್ಟಿತು. ಅವನು ಅದರ ಪಕ್ಕ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಈ ಸಲ ಹೂ ಉದುರಿದ ಮೇಲೂ ಗುಡ್ಡ ಹತ್ತುವುದನ್ನು ಬಿಡಲಿಲ್ಲ.

ಮೇಷ್ಟ್ರು ಕತೆ ಅಲ್ಲಿಗೆ ನಿಲ್ಲಿಸಿದರು. ನೀಲಾಂಬಿಕೆ ಕೇಳಿದಳು: “ಕೊನೆಗಾದರೂ ಒಣಗಿದ ಗಿಡ ಗುರುತಿಸುವುದನ್ನು ಕಲಿತನೇ?”

“ಕಲಿತ, ಅದಕ್ಕೆ ಅವನಿಗೆ ಹಿಡಿದದ್ದು ಅಂದು ಬಿಟ್ಟು ಹೋಗಿದ್ದ ಆ ಎಂಟೇ ತಿಂಗಳು, ಜೊತೆಗೆ ನಡೆಯಲು ಪಂಡಿತರು ಇರಲಿಲ್ಲ, ಅಷ್ಟೇ.”