ಕಂಚು ಸುರಿಯುವ ಹೊತ್ತು

“ಬುದ್ಧೀ, ಇಂಗ್ಲಿಷಿನಲ್ಲಿ ‘ಯೂ’ ಅಂತ ಒಂದೇ ಮಾತು. ಅಪ್ಪನಿಗೂ ಯೂ, ಆಳಿಗೂ ಯೂ, ತಮಗೂ ಯೂ! ‘ನೀನು’, ‘ನೀವು’ ಎಂಬ ಭೇದವೇ ಇಲ್ಲ. ಇಂಥ ಮರ್ಯಾದೆಗೆಟ್ಟ ಭಾಷೆಯನ್ನು ಮಕ್ಕಳಿಗೆ ಹೇಗೆ ಕಲಿಸಲಿ? ನಾಳೆಯಿಂದ ಪಾಠ ನಿಲ್ಲಿಸಿಬಿಡಲೇ?”

ಹೀಗೆ ಕೇಳಿದವನು ಶಿಷ್ಯ ಗುರುಪಾದಯ್ಯ. ಮಠದ ಶಾಲೆಯಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ. ಗುರುಗಳು ನಕ್ಕರು.

“ಅಬ್ಬಾ, ಎಂಥ ಅಭಿಮಾನವಯ್ಯಾ ನಿನ್ನದು! ಕೂತುಕೋ. ಪಾಠ ನಿಲ್ಲಿಸುವ ಮುಂಚೆ ಒಂದು ಕತೆ ಕೇಳು.”

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನನ್ನು ಎಲ್ಲರೂ ‘ನೀವು’ ಎನ್ನುತ್ತಿದ್ದರು. ಎಲ್ಲರೂ ಅಂದರೆ ಎಲ್ಲರೂ. ಹೆತ್ತ ತಾಯಿ ಕೂಡ ಮಗನನ್ನು ‘ನೀವು ಉಂಡಿರಾ’ ಎಂದು ಕೇಳುತ್ತಿದ್ದಳು, ಪಾಪ.

ಆ ಊರಿನವರು ಗುಡಿಗೆ ಗಂಟೆ ಮಾಡಿಸಲು ಹೊರಟರು. ಮನೆಗೊಂದರಂತೆ ಕಂಚಿನ ಪಾತ್ರೆ ಕೊಟ್ಟರು. ಇದ್ದೊಂದು ತಟ್ಟೆ ಕೊಟ್ಟು ಎಲೆಯಲ್ಲಿ ಉಂಡವರೂ ಇದ್ದರು. ಗಂಟೆ ಕೆಟ್ಟರೆ ಮತ್ತೆ ಕೊಡಲು ಯಾರ ಮನೆಯಲ್ಲೂ ಏನೂ ಉಳಿದಿರಲಿಲ್ಲ.

ಒಬ್ಬ ಕಂಚುಗಾರ ಬಂದ. ಅವನ ಮನೆತನದಲ್ಲಿ ಒಂದು ಕಟ್ಟುಪಾಡು. ಕಂಚು ಸುರಿಯುವಾಗ ಮರ್ಯಾದೆಯ ಮಾತಿಲ್ಲ. ಎದುರಿಗಿರುವವನು ಯಾರೇ ಆಗಲಿ, ‘ನೀನು ಹಿಡಿ, ನೀನು ಬಗ್ಗಿಸು’, ಅಷ್ಟೇ. ಧಾರೆ ಒಮ್ಮೆ ಕಡಿದರೆ ಗಂಟೆಯಲ್ಲಿ ಬಿರುಕು ಬಿಟ್ಟಂತೆಯೇ. ಬಹುವಚನ ಹುಡುಕಲು ಪುರುಸೊತ್ತೆಲ್ಲಿ?

ಅಚ್ಚು ಅರ್ಧ ತುಂಬಿತ್ತು. ಕಾದ ಕಂಚು ತುಂಬಿದ ಮೂಸೆಯ ಇಕ್ಕಳವನ್ನು ಒಂದು ಕಡೆ ಕಂಚುಗಾರ ಹಿಡಿದಿದ್ದ, ಇನ್ನೊಂದು ಕಡೆ ಅವನ ತಮ್ಮ. ಹೊಗೆ ಕುಡಿದ ತಮ್ಮ ತೂರಾಡಿದ. ಪಕ್ಕದಲ್ಲಿ ಸಾಹುಕಾರ ಶಾಲು ಹೊದ್ದು ನೋಡುತ್ತಾ ನಿಂತಿದ್ದ.

“ಏಯ್, ನೀನು! ಹಿಡಿ!” ಎಂದು ಕಂಚುಗಾರ ಅವನಿಗೇ ಗದರಿದ.

ಊರಿಗೆ ಊರೇ ನಡುಗಿತು. ಸಾಹುಕಾರ ಶಾಲು ಬಿಸಾಕಿ ಇಕ್ಕಳಕ್ಕೆ ಕೈಹಾಕಿದ. ಅಂಗೈ ಸುಟ್ಟರೂ ಬಿಡಲಿಲ್ಲ. ಧಾರೆ ಕಡಿಯಲಿಲ್ಲ.

ಕೆಲಸ ಮುಗಿದ ಮೇಲೆ ಊರವರು ಕಂಚುಗಾರನ ಮೇಲೆ ಮುಗಿಬಿದ್ದರು. “ಸಾಹುಕಾರರನ್ನೇ ‘ನೀನು’ ಅಂದೆಯಲ್ಲ, ಎಷ್ಟು ಕೊಬ್ಬು ನಿನಗೆ! ಕಾಲಿಗೆ ಬೀಳು!”

ಕಂಚುಗಾರ ತಲೆ ತಗ್ಗಿಸಲಿಲ್ಲ. “ಸುರಿಯುವಾಗ ನಮ್ಮಪ್ಪನನ್ನೂ ಹಾಗೇ ಕರೆದವನು ನಾನು. ನನ್ನ ಕೆಲಸಕ್ಕೆ ನಾನು ಕ್ಷಮೆ ಕೇಳುವುದಿಲ್ಲ” ಎಂದ.

ಸಾಹುಕಾರ ಬೊಬ್ಬೆ ಎದ್ದ ಅಂಗೈ ಎತ್ತಿ ಊರಿಗೆಲ್ಲ ತೋರಿಸಿದ. “ಸುಮ್ಮನಿರ‍್ರಯ್ಯಾ! ಐವತ್ತು ವರ್ಷ ನೀವೆಲ್ಲ ನನ್ನನ್ನು ದೂರ ಕೂರಿಸಿ ಕೈಮುಗಿದಿರಿ. ಇವನೊಬ್ಬನೇ ನನ್ನನ್ನು ಹತ್ತಿರ ಕರೆದು ಕೆಲಸ ಹೇಳಿದ.”

ಗಂಟೆ ಚೆನ್ನಾಗಿ ಬಂತು. ಅದನ್ನು ಬಾರಿಸಿದಾಗಲೆಲ್ಲ ಸಾಹುಕಾರ ಎದೆಯುಬ್ಬಿಸಿ, “ನಾನು ಹಿಡಿದ ಗಂಟೆ ಕಣ್ರೋ!” ಎನ್ನುತ್ತಿದ್ದ. ಆ ಹೆಮ್ಮೆ ಸಾಯುವ ತನಕವೂ ಇಳಿಯಲಿಲ್ಲ.

ಗುರುಪಾದಯ್ಯ ಕತೆ ಕೇಳಿದ, ಆದರೆ ಒಪ್ಪಲಿಲ್ಲ. “ಅದು ಅವಸರದ ಮಾತು ಬುದ್ಧೀ. ದೊಡ್ಡವರನ್ನು ‘ನೀನು’ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ” ಎಂದ.

ಗುರುಗಳು ಅವನ ಹಣೆಯ ವಿಭೂತಿಯನ್ನೇ ನೋಡುತ್ತಾ ಕೇಳಿದರು:

“ಬೆಳಗ್ಗೆ ಪೂಜೆಯಲ್ಲಿ ‘ಕಾಪಾಡು’ ಎಂದು ಬೇಡಿದೆಯಲ್ಲ, ಆಗ ಶಿವನನ್ನು ಏನೆಂದು ಕರೆದೆ?”